ಅಭಿವೃದ್ಧಿ, ಅಸಮಾನತೆಗಳನ್ನು ಓದಲು ಬಿ.ಎ. ಸೇರಬಹುದೆ? ಓದಿದವರ ಅನುಭವಗಳು

ಚಿಂತಾಮಣಿಯ ತಾಯಿಯೊಬ್ಬರ ಪ್ರಶ್ನೆ:
ನನ್ನ ಮಗಳು ದ್ವಿತೀಯ ಪಿಯುಸಿಯಲ್ಲಿ ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ) ಮುಗಿಸಿದ್ದಾಳೆ. ಕೆಲವು ದೇಶಗಳು, ಕೆಲವು ಊರುಗಳು ಏಕೆ ಬಡತನದಲ್ಲೇ ಉಳಿಯುತ್ತವೆ ಎಂಬುದನ್ನು ಓದಬೇಕೆಂದು ಹಟ ಹಿಡಿದಿದ್ದಾಳೆ. ಬಂಧುಗಳೆಲ್ಲ ಬಿ.ಕಾಂ. ಸೇರಿಸಿ ಎನ್ನುತ್ತಿದ್ದಾರೆ. ಸಮಾಜವಿಜ್ಞಾನಗಳಲ್ಲಿ ಪದವಿ ಪಡೆದವರು ದಯವಿಟ್ಟು ತಮ್ಮ ಅನುಭವ ತಿಳಿಸಬೇಕು.

ಪಾವಗಡದಿಂದ:
ಮೇಡಂ, ನಾನು ತುಮಕೂರಿನಲ್ಲಿ ಅರ್ಥಶಾಸ್ತ್ರ, ಸಮಾಜಶಾಸ್ತ್ರ ತೆಗೆದುಕೊಂಡು ಬಿ.ಎ. ಮಾಡಿದವನು. ಮೊದಲೆರಡು ವರ್ಷ ತಲಾ ಆದಾಯ, ಆದಾಯದ ಅಸಮಾನತೆಯನ್ನು ಅಳೆಯುವ ಗಿನಿ ಗುಣಾಂಕ ಎಂಬುವು ನನಗೆ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ವ್ಯಾಖ್ಯೆಗಳಾಗಿದ್ದವು. ಅವುಗಳ ಅರ್ಥ ತಿಳಿದದ್ದು ಕಿರುಪ್ರಬಂಧಕ್ಕಾಗಿ ತಿರುಮಣಿ ಭಾಗದ ಸೌರ ಪಾರ್ಕಿನ ಹಳ್ಳಿಗಳಲ್ಲಿ ಮನೆಮನೆ ತಿರುಗಿದಾಗ. ಸುಮಾರು 13,000 ಎಕರೆಯಲ್ಲಿ ಹರಡಿರುವ, 2,050 ಮೆಗಾವಾಟ್ ಸಾಮರ್ಥ್ಯದ ಈ ಯೋಜನೆಗೆ ಜಮೀನನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆಯಲಾಯಿತು. ಮಳೆ ಕೈಕೊಟ್ಟು ಕಡಲೆಕಾಯಿ ಒಣಗುವುದನ್ನು ವರ್ಷವರ್ಷವೂ ನೋಡಿದ್ದ ರೈತರಿಗೆ ಅದು ನಿಶ್ಚಿತ ವರಮಾನವೇ ಸರಿ. ಆದರೆ ಆ ದರದಲ್ಲಿ ಹತ್ತು ಎಕರೆಯವರಿಗೆ 2,10,000 ರೂಪಾಯಿ, ಎರಡು ಎಕರೆಯವರಿಗೆ 42,000 ರೂಪಾಯಿ ಬಂದರೆ, ಕಳೆ ಕೀಳುವ ಕೂಲಿಯನ್ನೇ ನಂಬಿದ್ದ ಜಮೀನಿಲ್ಲದ ಮನೆಗೆ ಗುತ್ತಿಗೆ ಹಣವೂ ಬರಲಿಲ್ಲ, ಇದ್ದ ಕೂಲಿಯೂ ಹೋಯಿತು, ಕುರಿ ಮೇಯುತ್ತಿದ್ದ ಬಯಲಿಗೆ ಬೇಲಿಯೂ ಬಿತ್ತು. ಊರಿನ ಸರಾಸರಿ ತೆಗೆದರೆ ಈ ಮನೆ ಕಾಣಿಸುವುದೇ ಇಲ್ಲ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು 1990ರಲ್ಲಿ ಆದಾಯದೊಂದಿಗೆ ಆಯುಷ್ಯ, ಶಿಕ್ಷಣಗಳನ್ನೂ ಸೇರಿಸಿ ಮಾನವ ಅಭಿವೃದ್ಧಿ ಸೂಚ್ಯಂಕವನ್ನು ತಂದ ಮೇಲೂ, 2010ರಲ್ಲಿ ಅಸಮಾನತೆಗೆ ತಕ್ಕಂತೆ ಅಂಕ ಕಡಿಮೆಯಾಗುವ ಮತ್ತೊಂದು ಸೂಚ್ಯಂಕವನ್ನು ಏಕೆ ಸೇರಿಸಬೇಕಾಯಿತು ಎಂಬುದು ನನಗೆ ಆ ಮನೆಯ ಜಗಲಿಯ ಮೇಲೆ ಕುಳಿತಾಗ ಹೊಳೆಯಿತು. ನಿಮ್ಮ ಮಗಳ ಪ್ರಶ್ನೆ ಸರಿಯಾಗಿದೆ, ಓದಿಸಿ.

ಕೆಜಿಎಫ್‌ನಿಂದ:
ಶಿವನಸಮುದ್ರದ ವಿದ್ಯುತ್ತು 1902ರಲ್ಲಿ, ಬೆಂಗಳೂರಿಗಿಂತ ಮೂರು ವರ್ಷ ಮೊದಲೇ, ನಮ್ಮ ಚಿನ್ನದ ಗಣಿಗೆ ಬಂದಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ನಮ್ಮವರು ಕೆಲಸ ಹುಡುಕಿಕೊಂಡು ಬೆಳಗಿನ ರೈಲಿನಲ್ಲಿ ಅದೇ ಬೆಂಗಳೂರಿಗೆ ಹೋಗುವಂತಾಯಿತು. ಎಂ.ಎ. ತರಗತಿಯಲ್ಲಿ, 1970ರ ದಶಕದಲ್ಲಿ ತಾಮ್ರದ ಬೆಲೆ ಕುಸಿದು ಜಾಂಬಿಯಾದ ಗಣಿ ಪಟ್ಟಣಗಳು ಕಂಗೆಟ್ಟ ಪಾಠ ಬಂದಾಗ, ಸಹಪಾಠಿಗಳು ಭೂಪಟದಲ್ಲಿ ಜಾಂಬಿಯಾ ಹುಡುಕುತ್ತಿದ್ದರು. ನನಗೆ ನಮ್ಮ ಗಣಿ ಕಾರ್ಮಿಕರ ಸಾಲುಮನೆಗಳೇ, ಆ ಲೈನ್ ಮನೆಗಳೇ ಕಣ್ಣ ಮುಂದೆ ಬಂದವು. ಈ ಓದಿಗೆ ಕೋಲಾರದ ಮಕ್ಕಳು ಬರಿಗೈಯಲ್ಲಿ ಹೋಗುವುದಿಲ್ಲ.

ಗೌರಿಬಿದನೂರಿನಿಂದ:
ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಕೆಲಸದ ವಿಷಯವನ್ನು ಇಬ್ಬರೂ ಎತ್ತಲಿಲ್ಲ. ಬಿ.ಎ. ಒಂದರಿಂದಲೇ ನನಗೆ ಸಿಕ್ಕದ್ದು ಸರ್ವೆ ನಮೂನೆ ತುಂಬಿಸುವ ಕೆಲಸ, ಅದೂ ಆರು ತಿಂಗಳ ಗುತ್ತಿಗೆಯ ಮೇಲೆ. ನಾನು ಓದಿದ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರಕ್ಕೆ ಬೋಧಕರೇ ಇರಲಿಲ್ಲ; ನಾನು ತುಂಬಿಸಿಕೊಂಡು ಬಂದ ನಮೂನೆಗಳ ಅಂಕಿಗಳನ್ನು ವಿಶ್ಲೇಷಿಸಿ ವರದಿ ಬರೆಯುವವರು ಬೇರೆಯವರಾಗಿದ್ದರು, ಅವರ ಸಂಬಳವೂ ಬೇರೆಯಾಗಿತ್ತು. ಆ ಮೇಜಿಗೆ ಬರಲು ಎಂ.ಎ. ಜೊತೆಗೆ ಸಂಖ್ಯಾಶಾಸ್ತ್ರವನ್ನೂ, ಇಂಗ್ಲಿಷಿನಲ್ಲಿ ವರದಿ ಬರೆಯುವುದನ್ನೂ ಕಲಿಯಲು ನನಗೆ ನಾಲ್ಕು ವರ್ಷ ಹಿಡಿಯಿತು. ಆದ್ದರಿಂದ ಸೇರಿಸುವ ಮೊದಲು ಕಾಲೇಜಿಗೆ ಹೋಗಿ, ಸಂಖ್ಯಾಶಾಸ್ತ್ರವನ್ನು ಯಾರು ಕಲಿಸುತ್ತಾರೆ, ಕ್ಷೇತ್ರಕಾರ್ಯಕ್ಕೆ ವಿದ್ಯಾರ್ಥಿಗಳನ್ನು ನಿಜಕ್ಕೂ ಹಳ್ಳಿಗೆ ಕಳಿಸುತ್ತಾರೆಯೇ ಎಂದು ಕೇಳಿ. ಪ್ರಾಂಶುಪಾಲರನ್ನಲ್ಲ, ಅಂತಿಮ ವರ್ಷದ ಮಕ್ಕಳನ್ನು ಕೇಳಿ.