ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಲೇ? ಅನುಭವಸ್ಥರು ತಿಳಿಸಿ

ನಾನು ಕೊಡಗಿನ ಮಕ್ಕಂದೂರಿನವಳು. ಮೈಸೂರಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷ, ಭೂವಿಜ್ಞಾನ ನನ್ನ ಮುಖ್ಯ ವಿಷಯ. 2018ರ ಆಗಸ್ಟ್‌ನಲ್ಲಿ ನಮ್ಮ ಸುತ್ತಲಿನ ಬೆಟ್ಟಗಳು ಜರಿದ ಮೇಲೆ ಇದನ್ನೇ ಓದಬೇಕೆಂದುಕೊಂಡೆ. ಮುಂದೆ ಓದಲು ಆಸೆಯಿದೆ. ಕೆಲಸ ಎಲ್ಲಿದೆ ಎಂದು ಅಪ್ಪ ಕೇಳುತ್ತಾರೆ.

ಮಡಿಕೇರಿಯಿಂದ ಒಬ್ಬರು:
ಖಂಡಿತ ಮಾಡಮ್ಮ. ಅಪ್ಪನಿಗೆ ಇಷ್ಟು ಹೇಳು: ಯು.ಪಿ.ಎಸ್.ಸಿ. ನಡೆಸುವ ಜಿಯೋ ಸೈಂಟಿಸ್ಟ್ ಪರೀಕ್ಷೆಗೆ ಬಿ.ಎಸ್ಸಿ. ಸಾಲದು, ಸ್ನಾತಕೋತ್ತರ ಪದವಿಯೇ ಬೇಕು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೂ ಕೇಂದ್ರೀಯ ಅಂತರ್ಜಲ ಮಂಡಳಿಗೂ ಭೂವಿಜ್ಞಾನಿಗಳನ್ನು ಆರಿಸುವುದು ಅದರಿಂದಲೇ.

ಇನ್ನು ನಿನ್ನ ಆಸೆಯ ವಿಚಾರ. ಪ್ರಬಂಧಕ್ಕೆ ನಮ್ಮ ಜಿಲ್ಲೆಯನ್ನೇ ಆರಿಸಿಕೋ. ಇಲ್ಲಿನ ನೈಸ್, ಚಾರ್ನಕೈಟ್ ಶಿಲೆಗಳಲ್ಲಿ ಕೆಲವು 300 ಕೋಟಿ ವರ್ಷಕ್ಕೂ ಹಳೆಯವು. ಆದರೆ ಅವು ಸುಲಭಕ್ಕೆ ಕಾಣಿಸುವುದಿಲ್ಲ. ಮೇಲೆ ದಪ್ಪ ಮಣ್ಣು, ಅದರ ಮೇಲೆ ಕಾಫಿ ತೋಟ. ರಸ್ತೆಗೆ ಕಡಿದ ದರೆ, ಹೊಳೆಯ ಪಾತ್ರ, ಕಲ್ಲುಕೋರೆ ಇವೇ ನಿನ್ನ ಪಾಠಶಾಲೆ. ಭೂಕುಸಿತವನ್ನು ಅಭ್ಯಾಸ ಮಾಡುವುದಾದರೆ ಆ ಮಣ್ಣನ್ನೇ ಹಿಡಿ. ಶಿಲೆ ಶಿಥಿಲವಾಗಿ ಆದ ಮಣ್ಣು ಮಳೆನೀರು ಕುಡಿದು ಭಾರವಾಗುತ್ತದೆ, ಒಳಗೆ ನೀರಿನ ಒತ್ತಡ ಏರಿ ಹಿಡಿತ ಸಡಿಲವಾಗುತ್ತದೆ. ಇಳಿಜಾರಿನ ಬುಡವನ್ನು ಮನೆಗೋ ರಸ್ತೆಗೋ ಕಡಿದಿದ್ದರೆ ಆಧಾರವೂ ಇರುವುದಿಲ್ಲ. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯೂ ಜರಿಯಿತು. ಇದನ್ನು ಬಲ್ಲವರು ಈ ನೆಲದಿಂದಲೇ ಬರಬೇಕೆಂಬುದು ನನ್ನ ಗಟ್ಟಿ ನಂಬಿಕೆ.

ಮಳೆಗಾಲದಲ್ಲಿ ಕ್ಷೇತ್ರಕಾರ್ಯದ ಆಸೆ ಬೇಡ. ಕೊಯ್ಲಿನ ಸಮಯದಲ್ಲಿ ತೋಟಕ್ಕೆ ಹೋಗುವುದಾದರೆ ಮಾಲೀಕರಿಗೆ ಮೊದಲೇ ತಿಳಿಸು.

ವಿರಾಜಪೇಟೆಯಿಂದ ಒಬ್ಬರು:
ಐಐಟಿಗಳಲ್ಲಿ ಎಂ.ಎಸ್ಸಿ. ಬೇಕಾದರೆ ಜಾಮ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು, ತಂಗಿ. ಖನಿಜಶಾಸ್ತ್ರ, ಶಿಲಾಶಾಸ್ತ್ರ, ರಚನಾ ಭೂವಿಜ್ಞಾನ ಗಟ್ಟಿಯಿರಲಿ. ಮೈಸೂರಿನ ಮಾನಸಗಂಗೋತ್ರಿ, ಬೆಂಗಳೂರಿನ ಜ್ಞಾನಭಾರತಿ, ಧಾರವಾಡ, ಈ ವಿಶ್ವವಿದ್ಯಾಲಯಗಳೂ ಹತ್ತಿರದ ಆಯ್ಕೆಗಳೇ. ಮಂಗಳೂರು ವಿಶ್ವವಿದ್ಯಾಲಯದ ಮಂಗಳಗಂಗೋತ್ರಿಯಲ್ಲಿ ಸಾಗರ ಭೂವಿಜ್ಞಾನವಿದೆ. ಹೆಸರು ನೋಡಿ ಸೇರಬೇಡ. ವರ್ಷಕ್ಕೆ ಎಷ್ಟು ದಿನ ಹೊರಗೆ ಕರೆದೊಯ್ಯುತ್ತಾರೆ, ಸೂಕ್ಷ್ಮದರ್ಶಕದಲ್ಲಿ ನೋಡಲು ಬೇಕಾದ ಶಿಲೆಯ ತೆಳು ಛೇದವನ್ನು (ಬೆಳಕು ಹಾಯುವಷ್ಟು ತೆಳುವಾಗಿ ಉಜ್ಜಿದ ಚೂರು) ವಿದ್ಯಾರ್ಥಿಗಳೇ ತಯಾರಿಸುತ್ತಾರೆಯೇ ಎಂದು ಈಗ ಓದುತ್ತಿರುವವರನ್ನು ಕೇಳು. ನಾನು ಸೇರಿದ್ದ ಕಡೆ ಸೂಕ್ಷ್ಮದರ್ಶಕಗಳಿದ್ದವು, ಮುಟ್ಟಲು ಬಿಡುತ್ತಿರಲಿಲ್ಲ. ಆ ಕೊರತೆ ತುಂಬಿಕೊಳ್ಳಲು ಆಮೇಲೆ ಬಹಳ ಕಷ್ಟಪಟ್ಟೆ. ಜಿಐಎಸ್, ಅಂದರೆ ಕಂಪ್ಯೂಟರ್‌ನಲ್ಲಿ ನಕ್ಷೆ ಮಾಡಿ ವಿಶ್ಲೇಷಿಸುವುದನ್ನು, ಈಗಿನಿಂದಲೇ ಕಲಿ. ಅದಕ್ಕೆ ಕ್ಯೂಜಿಐಎಸ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಭೂಕುಸಿತದ ನಕ್ಷೆಗೆ ಜಿಐಎಸ್ ಬೇಕೇ ಬೇಕು.

ಸೋಮವಾರಪೇಟೆಯ ಒಬ್ಬ ತಂದೆ:
ನನ್ನ ಮಗಳೂ ಇದನ್ನೇ ಓದಿದಳು. ಹುಡುಗಿ ಒಬ್ಬಳೇ ಬೆಟ್ಟ ಸುತ್ತುವುದೇ ಎಂದು ನಮಗೂ ಭಯವಿತ್ತು. ಕ್ಷೇತ್ರಕಾರ್ಯಕ್ಕೆ ಜೊತೆಗಾರರಿಲ್ಲದೆ ಹೋಗುವುದಿಲ್ಲ ಎಂಬ ನಿಯಮವನ್ನು ಅವಳೇ ಮಾಡಿಕೊಂಡಳು. ಈಗ ಅಂತರ್ಜಲದ ಕೆಲಸದಲ್ಲಿದ್ದಾಳೆ. ನಿನ್ನ ಅಪ್ಪ ಒಪ್ಪಿದರೆ ನಾನೇ ಅವರೊಂದಿಗೆ ಮಾತನಾಡುತ್ತೇನೆ.