ರೇವಾ 18 ಕಿಲೋಮೀಟರಿಗೇ ಕುಂಟುತ್ತಿದೆ, ಬ್ಯಾಟರಿ ಹಾಕಿಸಿ 8 ತಿಂಗಳೂ ಆಗಿಲ್ಲ

ಕೆಂಪು_ಪುಟಾಣಿ (ಮೈಸೂರು), ಸೋಮವಾರ ರಾತ್ರಿ 9:40

ನಮ್ಮ ಪುಟ್ಟ ಎಲೆಕ್ಟ್ರಿಕ್ ಕಾರು ರೇವಾದಿಂದ ಸಾಕಾಗಿ ಹೋಗಿದೆ. ಬ್ಯಾಟರಿ ಹಾಕಿಸಿ 8 ತಿಂಗಳೂ ಆಗಿಲ್ಲ. ರಾತ್ರಿಯಿಡೀ ಚಾರ್ಜಿಗೆ ಹಾಕುತ್ತೇವೆ, ಬೆಳಿಗ್ಗೆ ಮೀಟರ್ ಪೂರ್ತಿ ತೋರಿಸುತ್ತದೆ. 18 ಕಿಲೋಮೀಟರ್ ಓಡುವಷ್ಟರಲ್ಲಿ ಕುಂಟಲು ಶುರು. ಆಗಲೂ ಮೀಟರ್ ಅರ್ಧಕ್ಕಿಂತ ಮೇಲೇ ಇರುತ್ತದೆ. ನಿನ್ನೆ ಅಪ್ಪ ದೇವರಾಜ ಮಾರುಕಟ್ಟೆಯಿಂದ ತರಕಾರಿ ತರುವಾಗ ಏರಿನಲ್ಲಿ ನಿಂತೇಬಿಟ್ಟಿತು. ಅವರಿಗೆ 74 ವರ್ಷ. ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿತ್ತಂತೆ. ವೋಲ್ಟೇಜ್ ನೋಡಿದೆ, ಎಲ್ಲ ಸರಿ ಇದೆ. ಮೋಟರಿಗೆ ಕರೆಂಟ್ ಅಳೆದು ಕೊಡುವ ಕಂಟ್ರೋಲರ್ ಹೋಗಿದೆ ಅನ್ನಿಸುತ್ತಿದೆ. ಯಾರ ಹತ್ತಿರವಾದರೂ ಹಳೆಯದು ಇದ್ದರೆ ಹೇಳಿ.

ಡಿಸಿ_ಕಾಲದವನು (ಬೆಂಗಳೂರು), 10:05

ಯಾವ ವರ್ಷದ ಗಾಡಿ? 2001ರಲ್ಲಿ ಬಂದ ಡಿಸಿ ಮೋಟರಿನದೋ, 2007ರ ನಂತರದ ಎಸಿ ಮೋಟರಿನ ರೇವಾ-ಐ ಮಾದರಿಯೋ? ಎರಡಕ್ಕೂ ಕಂಟ್ರೋಲರ್ ಬೇರೆ. ಸುಮ್ನೆ ದುಡ್ಡು ಹಾಕಬೇಡಿ. ‘ವೋಲ್ಟೇಜ್ ಸರಿ ಇದೆ’ ಅಂದರೆ ಎಷ್ಟು? ನಿಂತಾಗ ನೋಡಿದಿರೋ, ಓಡುವಾಗಲೋ?

ಹೈಡ್ರೋಮೀಟರ್ (ತುಮಕೂರು), 10:20

ಇದು ಸಲ್ಫೇಷನ್, ಬೇರೇನೂ ಅಲ್ಲ. ಸೀಸದ ಬ್ಯಾಟರಿಯನ್ನು ಅರ್ಧಂಬರ್ಧ ಚಾರ್ಜ್ ಮಾಡಿ ಓಡಿಸುತ್ತಾ ಹೋದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಗ ನೋಡಲು ಫುಲ್, ಒಳಗೆ ಏನೂ ಇಲ್ಲ. ಹೊರಗಿನ ಚಾರ್ಜರ್ ಇಟ್ಟು ಕಡಿಮೆ ಕರೆಂಟಿನಲ್ಲಿ ಈಕ್ವಲೈಸ್ ಮಾಡಿ, ಅಂದರೆ ಫುಲ್ ಆದ ಮೇಲೂ ಚಾರ್ಜ್ ಮುಂದುವರಿಸಿ ಎಲ್ಲ ಸೆಲ್ ಸಮ ಮಾಡಿ. ಪ್ರತಿ ಬ್ಯಾಟರಿ 7.7 ವೋಲ್ಟ್‌ವರೆಗೆ ಏರಲಿ. ಮೂರು ರಾತ್ರಿ ಸಾಕು. ನನ್ನದು ಹೀಗೇ ಎರಡು ಸಲ ಬದುಕಿಕೊಂಡಿದೆ.

ಕೆಂಪು_ಪುಟಾಣಿ, 10:45

2009ರದ್ದು, ರೇವಾ-ಐ. ನಿಂತಾಗಲೇ ನೋಡಿದ್ದು, 50.6 ಬಂತು. ಇವತ್ತಿನಿಂದಲೇ ಈಕ್ವಲೈಸ್ ಮಾಡುತ್ತೇನೆ.

ಡಿಸಿ_ಕಾಲದವನು, 10:52

ಸ್ವಲ್ಪ ತಡೆಯಿರಿ. ಎಂಟೂ ಬ್ಯಾಟರಿ ಒಂದೊಂದಾಗಿ ಎಷ್ಟು ತೋರಿಸುತ್ತವೆ ಅಂತ ಗೊತ್ತಾಗದೆ ಈಕ್ವಲೈಸ್ ಬೇಡ.

ಹೈಡ್ರೋಮೀಟರ್, 11:10

ಎಂಟು ತಿಂಗಳ ಬ್ಯಾಟರಿ ಸಾಯುವುದಿಲ್ಲ ಸಾರ್. ಅದಕ್ಕೇ ಸಲ್ಫೇಷನ್ ಅಂತ ಹೇಳಿದ್ದು. ಮತ್ತೆ ನೀರು ಯಾವುದು ಹಾಕುತ್ತೀರಿ? ಮನೆಯ ಆರ್‌ಓ ನೀರು ಹಾಕಿದ್ದರೆ ಅದೂ ಒಂದು ಕಾರಣ.

ಬಿಸಿಲ_ಚಾರ್ಜ್ (ಹುಬ್ಬಳ್ಳಿ), ಮಂಗಳವಾರ ಬೆಳಿಗ್ಗೆ 7:15

ಆರ್‌ಓ ನೀರಿಗೆ ಏನಾಗಿದೆ? ನಾನು ನಾಲ್ಕು ವರ್ಷ ಅದನ್ನೇ ಹಾಕಿದ್ದೇನೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್‌ನಲ್ಲಿ ನೋಡಿಯೇ ಹಾಕುವುದು.

ಹೈಡ್ರೋಮೀಟರ್, 7:40

ಕುಡಿಯುವ ಆರ್‌ಓ ಯಂತ್ರದಲ್ಲಿ ರುಚಿಗೆ ಅಂತ ಖನಿಜ ವಾಪಸ್ ಸೇರಿಸುತ್ತಾರೆ. ಕ್ಲೋರೈಡ್, ಕಬ್ಬಿಣ ಸ್ವಲ್ಪ ಇದ್ದರೂ ಪ್ಲೇಟಿಗೆ ಕೆಡುಕು. ನೀರು ಆರಿದರೂ ಅವು ಒಳಗೇ ಉಳಿಯುತ್ತವೆ. ಪ್ರತಿ ಸಲ ಇನ್ನಷ್ಟು ಸೇರುತ್ತದೆ. ಡಿಸ್ಟಿಲ್ಡ್ ವಾಟರ್ ಅಷ್ಟೇನೂ ದುಬಾರಿ ಅಲ್ಲ, ಬ್ಯಾಟರಿ ದುಬಾರಿ.

ಬಿಸಿಲ_ಚಾರ್ಜ್, 7:58

ನನ್ನ ಬ್ಯಾಟರಿ ಯಾವುದೂ ನೀರಿನಿಂದ ಹಾಳಾಗಲಿಲ್ಲ, ಅಷ್ಟೇ ಹೇಳುತ್ತಿದ್ದೇನೆ. ಈಗ ಆ ಚಿಂತೆಯೇ ಇಲ್ಲ. ಸೀಸ ಪೂರ್ತಿ ತೆಗೆದು ಎಲ್‌ಎಫ್‌ಪಿ ಅನ್ನುವ ಲಿಥಿಯಂ ಬ್ಯಾಟರಿಯ 16 ಸೆಲ್ ಕೂರಿಸಿದ್ದೇನೆ, 200 ಆಂಪಿಯರ್-ಅವರ್, ಸೆಲ್ ಒಂದೊಂದನ್ನೂ ಕಾಯುವ ಬಿಎಂಎಸ್ ಸಮೇತ. ಮನೆ ಮೇಲೆ 3 ಕಿಲೋವ್ಯಾಟ್ ಸೋಲಾರ್. ಕಾರು ಎಷ್ಟು ಹಗುರಾಗಿದೆ ಅಂದರೆ ಏರಿನಲ್ಲಿ ಹೊಸ ಗಾಡಿಯ ಹಾಗೆ ಎಳೆಯುತ್ತದೆ. ನೀವೂ ಇದನ್ನೇ ಮಾಡಿ, ತಲೆನೋವು ಮುಗಿಯುತ್ತದೆ.

ಡಿಸಿ_ಕಾಲದವನು, 8:30

ಓದುವವರ ಗಮನಕ್ಕೆ ಒಂದು ಮಾತು. ಸೀಸಕ್ಕೆ ಮಾಡಿದ ಹಳೆ ಚಾರ್ಜರ್ 60 ವೋಲ್ಟ್ ದಾಟಬಹುದು. 16 ಎಲ್‌ಎಫ್‌ಪಿ ಸೆಲ್‌ಗೆ 58.4ರ ಮೇಲೆ ಹೋಗಬಾರದು. ಚಾರ್ಜರ್ ಬದಲಿಸದೆ ಯಾರೂ ಲಿಥಿಯಂ ಹಾಕಬೇಡಿ. ಚಾರ್ಜ್ ಮೀಟರ್ ಲೆಕ್ಕವೂ ತಪ್ಪುತ್ತದೆ. ಇದಕ್ಕೆ ಬೇರೆ ಥ್ರೆಡ್ ತೆರೆಯಿರಿ, ಇಲ್ಲಿ ಮೈಸೂರಿನವರ ಗಾಡಿ ನಿಂತಿದೆ.

ಕೆಂಪು_ಪುಟಾಣಿ, ಶುಕ್ರವಾರ ಬೆಳಿಗ್ಗೆ 6:50

ಮೂರು ರಾತ್ರಿ ಈಕ್ವಲೈಸ್ ಮಾಡಿದೆ. ಈಗ 15 ಕಿಲೋಮೀಟರಿಗೇ ಕುಂಟುತ್ತಿದೆ. ಬೆಳಿಗ್ಗೆ ಸೀಟು ಎತ್ತಿದರೆ ಡ್ರೈವರ್ ಕಡೆಯ ಒಂದು ಬ್ಯಾಟರಿ ಕೈಯಿಡಲಾಗದಷ್ಟು ಬಿಸಿ. ನೀರು ಪ್ಲೇಟಿನ ಮಟ್ಟಕ್ಕೆ ಇಳಿದಿದೆ. ಅದು ಹಳೆಯ ಬ್ಯಾಟರಿಗಳಲ್ಲಿ ಒಂದು.

ಡಿಸಿ_ಕಾಲದವನು, 7:05

ಹಳೆಯ ಬ್ಯಾಟರಿಗಳಲ್ಲಿ ಒಂದು ಅಂದರೆ?

ಕೆಂಪು_ಪುಟಾಣಿ, 7:20

ಹೊಸದು ಎರಡೇ ಹಾಕಿಸಿದ್ದು. ಉಳಿದ ಆರು ಮೂರೂವರೆ ವರ್ಷದವು. ಬ್ಯಾಟರಿ ಅಂಗಡಿಯವರು ಎರಡು ಬದಲಿಸಿದರೆ ಸಾಕು ಅಂದರು. ಅದು ಮುಖ್ಯ ಅಂತ ನನಗೆ ಅನ್ನಿಸಲಿಲ್ಲ.

ಡಿಸಿ_ಕಾಲದವನು, 7:45

ಅದೇ ಮುಖ್ಯ. ಎಂಟೂ ಸಾಲಾಗಿ ಜೋಡಿಸಿದ 6 ವೋಲ್ಟ್ ಬ್ಯಾಟರಿಗಳು. ಒಂದೇ ಕರೆಂಟ್ ಎಲ್ಲದರ ಮೂಲಕ ಹೋಗಬೇಕು. ಎಂಟು ಎತ್ತು ಕಟ್ಟಿದ ಗಾಡಿ ಅಂದುಕೊಳ್ಳಿ, ಒಂದು ಕುಂಟಿದರೆ ಅದರ ನಡಿಗೆಯೇ ಗಾಡಿಯ ನಡಿಗೆ. ಚಾರ್ಜರ್ ಒಟ್ಟು ವೋಲ್ಟೇಜ್ ನೋಡಿ ‘ಆಯಿತು’ ಅನ್ನುತ್ತದೆ. ಒಂದೊಂದರ ಕಷ್ಟ ಅದಕ್ಕೆ ಕಾಣುವುದಿಲ್ಲ.

ಈಕ್ವಲೈಸ್ ಈಗಲೇ ನಿಲ್ಲಿಸಿ. ಆಮೇಲೆ ಹೀಗೆ ಮಾಡಿ. ಒಂಬತ್ತು ಸಣ್ಣ ವೈರ್ ತೆಗೆದುಕೊಳ್ಳಿ. ಸಾಲಿನ ಎರಡು ತುದಿಗೆ ಒಂದೊಂದು, ನಡುವಿನ ಏಳು ಜೋಡಣೆಗೆ ಒಂದೊಂದು. ಪ್ರತಿ ವೈರಿಗೂ ಬ್ಯಾಟರಿ ತುದಿಯಲ್ಲೇ 1 ಆಂಪಿಯರ್ ಫ್ಯೂಸ್ ಇರಲಿ. ನಂಬರ್ ಬರೆದು ಹಿಂದಿನ ಸೀಟಿಗೆ ಎಳೆದುಕೊಳ್ಳಿ. ಮುಂದಿನ ಸೀಟು ಕೂರಿಸಿ, ಅಪ್ಪ ಓಡಿಸಲಿ, ನೀವು ಹಿಂದೆ ಕೂತು ಮಲ್ಟಿಮೀಟರ್‌ನಲ್ಲಿ ಒಂದೊಂದೇ ನೋಡಿ. ಚಪ್ಪಟೆ ರಸ್ತೆ ಬೇಡ, ಏರು ಬೇಕು. ಸ್ಪ್ಯಾನರ್ ಹಿಡಿಕೆಗೆ ಟೇಪ್ ಸುತ್ತಿ. ಉಂಗುರ, ವಾಚ್ ಬಿಚ್ಚಿಡಿ. 48 ವೋಲ್ಟ್ ತಾನೇ ಅನ್ನಬೇಡಿ, ಶಾರ್ಟ್ ಆದರೆ ಸ್ಪ್ಯಾನರ್ ಅಂಟಿಕೊಂಡು ಕೆಂಪಗಾಗುತ್ತದೆ.

ಹೈಡ್ರೋಮೀಟರ್, 8:10

ಎರಡೇ ಬದಲಿಸಿದ್ದು ಅಂತ ಮೊದಲೇ ಹೇಳಿದ್ದರೆ ನಾನು ಈಕ್ವಲೈಸ್ ಅನ್ನುತ್ತಿರಲಿಲ್ಲ. ಆದರೂ ಬೇಜಾರಾಗಿದೆ, ಕ್ಷಮಿಸಿ. ಬಿಸಿಯಾದ ಬ್ಯಾಟರಿಯ ಮೂರೂ ಸೆಲ್ ಹೈಡ್ರೋಮೀಟರ್‌ನಲ್ಲಿ ನೋಡಿ. ಪೂರ್ತಿ ಚಾರ್ಜ್ ಆದಾಗ ಆಸಿಡ್ಡಿನ ಸಾಂದ್ರತೆ 1.270 ಆಸುಪಾಸು ಇರಬೇಕು. ಮೊದಲು ಪ್ಲೇಟ್ ಮುಳುಗುವಷ್ಟು ಮಾತ್ರ ನೀರು ಹಾಕಿ. ಉಳಿದದ್ದು ಚಾರ್ಜ್ ಆದ ಮೇಲೆ. ಮೊದಲೇ ತುಂಬಿಸಿದರೆ ಉಕ್ಕಿ ಆಸಿಡ್ ಹೊರಗೆ ಹೋಗುತ್ತದೆ.

ಉತ್ತರದ_ಚಳಿ (ಬರ್ಗೆನ್, ನಾರ್ವೆ), ಶುಕ್ರವಾರ ಸಂಜೆ

ಓದಿ ಖುಷಿಯಾಯಿತು. ಬೊಮ್ಮಸಂದ್ರದಲ್ಲಿ ತಯಾರಾದ ಈ ಕಾರುಗಳು ಇಲ್ಲಿಗೂ ಬಂದಿದ್ದವು. ಲಂಡನ್‌ನಲ್ಲಿ ಜೀ-ವಿಜ್ ಅಂತ ಕರೆಯುತ್ತಿದ್ದರು. ಇಲ್ಲಿ ಸಣ್ಣ ಎಲೆಕ್ಟ್ರಿಕ್ ಕಾರಿನ ಕಂಪನಿಗಳು ಒಂದೊಂದಾಗಿ ಹೋದವು. ಥಿಂಕ್ 2011ರ ಜೂನ್‌ನಲ್ಲಿ ದಿವಾಳಿಯಾಯಿತು. ನಡುವೆ ಕೆಲವು ವರ್ಷ ಫೋರ್ಡ್ ಕೈಯಲ್ಲಿತ್ತು, ಆದರೂ ಉಳಿಯಲಿಲ್ಲ. ಬಡ್ಡಿ ಅನ್ನುವ ಪುಟ್ಟ ಕಾರಿನ ಕಂಪನಿಯೂ ಅದೇ ವರ್ಷ ಮುಳುಗಿತು. ಜರ್ಮನಿಯ ಸೋನೋ ಮೋಟರ್ಸ್ 2023ರ ಫೆಬ್ರವರಿಯಲ್ಲಿ ಸಿಯಾನ್ ಕಾರನ್ನು ಕೈಬಿಟ್ಟಿತು. ಅಚ್ಚು, ಸುರಕ್ಷತಾ ಪರೀಕ್ಷೆ, ಸರ್ವಿಸ್ ಜಾಲ, ಇವಕ್ಕೆ 500 ಕಾರು ಮಾಡಿದರೂ 50,000 ಮಾಡಿದರೂ ಹೆಚ್ಚುಕಡಿಮೆ ಅಷ್ಟೇ ಖರ್ಚು. ಸಣ್ಣ ಕಾರಿಗೆ ದೊಡ್ಡ ಬೆಲೆ ಹೇಳಲೂ ಆಗುವುದಿಲ್ಲ.

ಬಿಸಿಲ_ಚಾರ್ಜ್, 7:30

ರೇವಾ ಹಾಗೆ ಮುಳುಗಲಿಲ್ಲ ಸಾರ್. 2010ರ ಮೇ ತಿಂಗಳಲ್ಲಿ ಮಹೀಂದ್ರಾ 55.2 ಶೇಕಡಾ ಪಾಲು ತೆಗೆದುಕೊಂಡಿತು. 2013ರಲ್ಲಿ ಲಿಥಿಯಂ ಹಾಕಿ ಇ2ಓ ತಂದರು. ರೇವಾ ಶುರು ಮಾಡಿದ ಚೇತನ್ ಮೈನಿ ಆಮೇಲೆ ಬ್ಯಾಟರಿ ಬದಲಿಸಿ ಕೊಡುವ ಸನ್ ಮೊಬಿಲಿಟಿ ಶುರು ಮಾಡಿದರು. 2001ರಲ್ಲೇ ಬೆಂಗಳೂರಿನ ರಸ್ತೆಗೆ ಎಲೆಕ್ಟ್ರಿಕ್ ಕಾರು ಇಳಿಸಿದ್ದು ಸಣ್ಣ ಮಾತಲ್ಲ.

ಉತ್ತರದ_ಚಳಿ, 8:15

ಒಪ್ಪುತ್ತೇನೆ. ನಾನು ಹೇಳಿದ್ದು ನಾರ್ವೆ, ಜರ್ಮನಿಯ ಕಥೆ. ಕಂಪನಿ ಇರಲಿ ಬಿಡಲಿ, 15 ವರ್ಷದ ಕಾರಿಗೆ ಇಂಥ ಚರ್ಚೆಗಳೇ ಸರ್ವಿಸ್ ಸೆಂಟರ್, ಅಲ್ವಾ?

ಕೆಂಪು_ಪುಟಾಣಿ, ಭಾನುವಾರ ಮಧ್ಯಾಹ್ನ 1:10

ಒಂಬತ್ತು ವೈರ್ ಎಳೆದೆ. ಅಪ್ಪ ಓಡಿಸಿದರು. ಚಾಮುಂಡಿ ಬೆಟ್ಟದ ಬುಡದ ಏರಿಗೆ ಹೋದೆವು. ನಿಂತಾಗ ಎಲ್ಲವೂ 6.2ರಿಂದ 6.4. ಸುಮಾರು 14 ಕಿಲೋಮೀಟರ್ ಆದ ಮೇಲೆ ಏರಿನಲ್ಲಿ ಏಳು ಬ್ಯಾಟರಿ 5.5ರಿಂದ 5.7. 6ನೇ ನಂಬರಿನದು 2.9. ಒಟ್ಟು 42ಕ್ಕೆ ಇಳಿದ ಕೂಡಲೇ ಕಾರು ಕುಂಟಿತು. ಅದೇ ಬಿಸಿಯಾಗಿದ್ದ ಬ್ಯಾಟರಿ. ಸೆಲ್‌ಗಳು 1.245, 1.240, 1.090.

ಅಪ್ಪ ಮೀಟರ್ ಓದುವುದನ್ನು ಕೇಳಿಸಿಕೊಳ್ಳುತ್ತಾ ಸುಮ್ಮನೆ ಓಡಿಸುತ್ತಿದ್ದರು. ಮೊಣಕಾಲು ನೋವಿನಿಂದ ಕ್ಲಚ್ ಒತ್ತಲಾಗದೆ ಅವರು ಬೇರೆ ಕಾರು ಬಿಟ್ಟು ಎಷ್ಟೋ ವರ್ಷವಾಯಿತು. ಇದೊಂದೇ ಅವರಿಗೆ ಆಗುವುದು.

ಡಿಸಿ_ಕಾಲದವನು, 1:40

ಸಿಕ್ಕಿತು. ಎಂಟು ಬ್ಯಾಟರಿಗೆ 24 ಸೆಲ್, ಒಂದಕ್ಕೆ 1.75 ವೋಲ್ಟ್ ಅಂದರೆ 42. ಅಲ್ಲಿ ಕಂಟ್ರೋಲರ್ ಕೈ ಬಿಗಿ ಹಿಡಿಯುತ್ತದೆ, ಅದು ಮಾಡುತ್ತಿರುವುದು ಸರಿಯೇ. ಒಂದು ಸೆಲ್ ಸತ್ತಿದೆ. ಅದರ ಪಾಲಿನ ಈಕ್ವಲೈಸ್ ವೋಲ್ಟೇಜ್ ಪಕ್ಕದ ಎರಡು ಸೆಲ್ ಮೇಲೆ ಬಿದ್ದು ಅವು ಕಾದವು. ಆ ಜಾಗಕ್ಕೆ ಹೊಚ್ಚ ಹೊಸದು ಹಾಕಬೇಡಿ. ಮೂರು, ಮೂರೂವರೆ ವರ್ಷದ್ದೇ ಸಿಕ್ಕಿದರೆ ಚೆನ್ನಾಗಿ ಹೊಂದುತ್ತದೆ.

ಹೈಡ್ರೋಮೀಟರ್, 2:05

ನನ್ನ ಹತ್ತಿರ ಇದೆ. ಮೂರು ವರ್ಷದ್ದು, ಮೂರೂ ಸೆಲ್ 1.255ರ ಮೇಲೆ. ದುಡ್ಡು ಬೇಡ. ತುಮಕೂರಿಗೆ ಬಂದು ಒಯ್ಯಿರಿ. ಕಾರಿನಲ್ಲಿ ನೇರ ನಿಲ್ಲಿಸಿ ತರಬೇಕು, ಮಲಗಿಸಬೇಡಿ.

ಕೆಂಪು_ಪುಟಾಣಿ, ಮುಂದಿನ ಭಾನುವಾರ ರಾತ್ರಿ 8:30

ತಂದು ಹಾಕಿದೆ. ಎಲ್ಲ ಜೋಡಣೆ ಬಿಚ್ಚಿ ಬಿಸಿನೀರು, ಅಡುಗೆ ಸೋಡಾದಲ್ಲಿ ತೊಳೆದು, ಒರೆಸಿ, ವ್ಯಾಸಲೀನ್ ಸವರಿದೆ. ಇವತ್ತು 38 ಕಿಲೋಮೀಟರ್ ಓಡಿತು, ಕುಂಟಲಿಲ್ಲ. ಅಲ್ಲಿಗೇ ನಿಲ್ಲಿಸಿ ಚಾರ್ಜಿಗೆ ಹಾಕಿದೆ, ಅರ್ಧಕ್ಕಿಂತ ಕೆಳಗೆ ಇಳಿಸದಿದ್ದರೆ ಬ್ಯಾಟರಿ ಜಾಸ್ತಿ ದಿನ ಬರುತ್ತದೆ ಅಂತ ತುಮಕೂರಿನವರು ಹೇಳಿದರು. ಅಪ್ಪನಿಗೆ ದಿನಕ್ಕೆ 10 ಸಾಕು.

ಆದರೆ ಏರಿನಲ್ಲಿ 3ನೇ ನಂಬರಿನದು 5.3 ತೋರಿಸುತ್ತಿದೆ, ಬೇರೆಲ್ಲ 5.7. ವೈರ್‌ಗಳನ್ನು ಹಾಗೇ ಬಿಟ್ಟಿದ್ದೇನೆ. ಇದೇ ವಯಸ್ಸಿನ ಇನ್ನೊಂದು 6 ವೋಲ್ಟ್ ಯಾರ ಹತ್ತಿರವಾದರೂ ಇದ್ದರೆ ತಿಳಿಸಿ, ಬಂದು ಒಯ್ಯುತ್ತೇನೆ.