ವದಂತಿ, ಪುಕಾರು, ಅಫವಾ: ತಕರಾರು ಅರ್ಜಿಗೆ ಯಾವುದು ಕೂಡುತ್ತದೆ?

ಎಲ್ಲರಿಗೂ ನಮಸ್ಕಾರ.

ಕಲಬುರಗಿಯಲ್ಲಿ ವಕೀಲರಿಗೆ ಕಾಗದಪತ್ರ ಅನುವಾದ ಮಾಡಿಕೊಡುತ್ತೇನೆ. ಕನ್ನಡದ ಕರಪತ್ರ, ವಾಟ್ಸ್‌ಆ್ಯಪ್ ಸಂದೇಶ ಇಂಗ್ಲಿಷಿಗೆ. ಇಂಗ್ಲಿಷಿನ ಅರ್ಜಿ ಕಕ್ಷಿದಾರರಿಗೆ ತಿಳಿಯುವ ಕನ್ನಡಕ್ಕೆ. ಮೊನ್ನೆ ಒಂದು ಪದದ ಹತ್ತಿರ ಕೈ ನಿಂತುಬಿಟ್ಟಿತು. ಚುನಾವಣೆಯಲ್ಲಿ ಎದುರಾಳಿಯ ಬಗ್ಗೆ ಸುಳ್ಳು ಹಬ್ಬಿಸಿ ಗೆದ್ದರೆ ಆ ಗೆಲುವಿನ ಮೇಲೆ ತಕರಾರು ಅರ್ಜಿ ಹಿಡಿದು ಹೈಕೋರ್ಟಿಗೆ ಹೋಗಬಹುದು, ಅಲ್ವಾ? ಆ ಹಬ್ಬಿಸಿದ ಸುಳ್ಳಿಗೆ ಕನ್ನಡದಲ್ಲಿ ಏನನ್ನೋಣ?

ಪೇಪರಿನವರು ‘ವದಂತಿ’ ಅನ್ನುತ್ತಾರೆ. ಸಂಸ್ಕೃತದಲ್ಲಿ ‘ವದಂತಿ’ ಅಂದರೆ ‘ಹೇಳುತ್ತಾರೆ’. ಯಾರು ಹೇಳುತ್ತಾರೆ? ಅದು ಪದದಲ್ಲೇ ಇಲ್ಲ. ನಮ್ಮ ಕಡೆ ಉರ್ದು ಬಲ್ಲವರ ಬಾಯಲ್ಲಿ ‘ಅಫವಾ’ ಇದೆ. ಅದು ಅರಬ್ಬಿಯಿಂದ ಬಂದದ್ದು, ಮೂಲದಲ್ಲಿ ‘ಬಾಯಿಗಳು’ ಎಂಬ ಬಹುವಚನ. ಎಷ್ಟು ಚಂದದ ಪದ ನೋಡಿ! ‘ಪುಕಾರು’ ಮೂಲದಲ್ಲಿ ಕೂಗು. ಇನ್ನು ‘ಗಾಳಿಸುದ್ದಿ’ಗೆ ಬಾಯಿಯೂ ಬೇಡ, ಗಾಳಿ ಸಾಕು.

ತೊಡಕು ಇಲ್ಲೇ ಇದೆ. ಈ ನಾಲ್ಕೂ ಪದಗಳಲ್ಲಿ ಹೇಳಿದವನು ಕಾಣೆ. ಕೋರ್ಟಿಗೆ ಬೇಕಾಗಿರುವುದೇ ಅವನು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123(4)ನೇ ಕಲಮಿನ ಪ್ರಕಾರ ಸುಳ್ಳನ್ನು ಅಭ್ಯರ್ಥಿಯೇ ಹೇಳಿರಬೇಕು, ಇಲ್ಲವೇ ಅವನ ಏಜೆಂಟ್, ಅದೂ ಇಲ್ಲದಿದ್ದರೆ ಅವನ ಅಥವಾ ಅವನ ಚುನಾವಣಾ ಏಜೆಂಟನ ಒಪ್ಪಿಗೆ ಪಡೆದ ಬೇರೆ ಯಾರಾದರೂ ಹೇಳಿರಬೇಕು. ಊರೆಲ್ಲ ಆಡಿಕೊಂಡಿತು ಅಂದರೆ ಕೇಸು ನಿಲ್ಲುವುದಿಲ್ಲ. ಹಾಗಾಗಿ ಅರ್ಜಿಯಲ್ಲಿ ‘ವದಂತಿ ಹಬ್ಬಿಸಿದರು’ ಅಂತ ಬರೆದರೆ ನಮ್ಮ ಕಾಲಿಗೆ ನಾವೇ ಕೊಡಲಿ ಹಾಕಿಕೊಂಡಂತೆ ಅನ್ನಿಸುತ್ತದೆ.

‘ಸುಳ್ಳು ಹೇಳಿಕೆ’ ಅನ್ನಬಹುದು. ಆದರೆ ಕಾಯ್ದೆ ಕೇಳುವುದು ಬರೀ ಹೇಳಿಕೆಯಲ್ಲ, ‘ಹೀಗೆ ನಡೆದಿದೆ’ ಎಂದು ಹೇಳುವ ಮಾತು. ‘ಇವನು ಕೆಲಸಕ್ಕೆ ಬಾರದವನು’ ಎಂಬುದು ಅಭಿಪ್ರಾಯ. ‘ಇವನು ಹೆಂಡತಿಯನ್ನು ಹೊಡೆದು ಮನೆಯಿಂದ ಹಾಕಿದ’ ಎಂಬುದು ಸಂಗತಿ. ಎರಡನೆಯದು ಸುಳ್ಳಾದರೆ ಸಿಕ್ಕಿಬೀಳುತ್ತಾನೆ. ಬೈಗುಳ ಎಲ್ಲಿ ನಿಲ್ಲುತ್ತದೆ, ಸಂಗತಿ ಎಲ್ಲಿ ಶುರುವಾಗುತ್ತದೆ ಅನ್ನುವುದು ಸಲೀಸಲ್ಲ. ರಾಜಸ್ಥಾನದ ಬ್ಯಾವರ್ ಕ್ಷೇತ್ರದ 1962ರ ಚುನಾವಣೆಯ ಕೇಸು ಸುಪ್ರೀಂ ಕೋರ್ಟಿನ ತನಕ ಹೋಗಿತ್ತು. ಗೆದ್ದಿದ್ದ ಅಭ್ಯರ್ಥಿ ಕುಮಾರಾನಂದ ಅವರ ಅಧ್ಯಕ್ಷತೆಯ ಸಭೆಯಲ್ಲಿ ಬೇರೊಬ್ಬರು ಒಂದು ಪದ್ಯ ಓದಿದರು. ಅದರಲ್ಲಿ ಎದುರಾಳಿಯನ್ನು ಕಳ್ಳರಲ್ಲೇ ದೊಡ್ಡ ಕಳ್ಳ ಅಂದಿದ್ದರು. ಪದ್ಯವಲ್ಲವೇ, ಸುಮ್ನೆ ಬಿಡಿ ಅಂತ ನಾವಾದರೆ ಅನ್ನುತ್ತಿದ್ದೆವು. ಕೋರ್ಟು ಅದನ್ನು ಸಂಗತಿ ಎಂದೇ ಹಿಡಿಯಿತು. ಓದಿದವನು ಏನು ನಂಬಿದ್ದ ಎಂದಲ್ಲ, ಅಭ್ಯರ್ಥಿ ಏನು ನಂಬಿದ್ದ ಎಂದು ನೋಡಿತು. ಗೆಲುವು ಹೋಯಿತು.

ಈಗ ನನ್ನ ನಿಜವಾದ ಪ್ರಶ್ನೆ. ನಮ್ಮ ಮಾತಿನಲ್ಲಿ ‘ಅಂತೆ’ ಇದೆ. ಕಲಬುರಗಿ ಕಡೆ ಅದು ‘ಅಂತ’ ಆಗುತ್ತದೆ. ಮತದಾನದ ಹಿಂದಿನ ರಾತ್ರಿ ‘ಫಲಾನಾ ಮನುಷ್ಯಾ ಕಣದಿಂದ ಹಿಂದ ಸರದಾನಂತ’ ಎಂದು ಒಂದು ಸಂದೇಶ ಓಡಾಡಿತು ಅನ್ನಿ. (ಕಣದಿಂದ ಹಿಂದೆ ಸರಿದ ಎಂಬ ಸುಳ್ಳೂ ಇದೇ ಕಲಮಿಗೆ ಬರುತ್ತದೆ.) ಬರೆದವನು ನಾಳೆ ‘ನಾ ಎಲ್ಲಿ ಹೇಳೀನ್ರಿ? ಅಂತ ಅಂದೀನಿ, ಅಷ್ಟೇ’ ಅನ್ನಬಹುದು. ಬರೀ ‘ಸರದಾನ’ ಅಂದರೆ ಅವನದೇ ಮಾತು. ‘ಸರದಾನಂತ’ ಅಂದರೆ ಜವಾಬ್ದಾರಿ ಊರಿನ ಮೇಲೆ. ಒಂದು ಪುಟ್ಟ ಬಾಲ, ಎಷ್ಟು ಕೆಲಸ ಮಾಡುತ್ತದೆ! ಇಂಗ್ಲಿಷಿಗೆ ತರುವಾಗ ಈ ಬಾಲವನ್ನು ಕತ್ತರಿಸಿದರೆ ಅರ್ಥ ಬದಲಾಗುತ್ತದೆ. ಎಳೆದು ಬರೆದರೆ ಅವನಿಗೆ ತಪ್ಪಿಸಿಕೊಳ್ಳಲು ಬಾಗಿಲು ತೆರೆದಂತೆ.

ನನಗೆ ಅನ್ನಿಸುವುದು, ಬಾಲವನ್ನು ಉಳಿಸಬೇಕು, ಹೆದರಬಾರದು. ಕಾಯ್ದೆಯಲ್ಲಿ ‘ಸುಳ್ಳೆಂದು ನಂಬಿದ್ದ’ ಎಂಬುದರ ಜೊತೆಗೆ ‘ನಿಜವೆಂದು ನಂಬಿರಲಿಲ್ಲ’ ಎಂಬುದೂ ಇದೆ. ‘ಅಂತ’ ಹಚ್ಚಿದವನು ಅಭ್ಯರ್ಥಿಯೇ ಆಗಿದ್ದರೆ, ಅವನು ಈ ಎರಡನೆಯ ಜಾಗದಲ್ಲಿ ತಾನಾಗಿಯೇ ಬಂದು ನಿಂತಿದ್ದಾನೆ, ಅಲ್ವಾ? ವಕೀಲರು ನನ್ನ ಈ ವಾದ ಕೇಳಿ ನಕ್ಕರು. ಒಪ್ಪಿದರೋ ಇಲ್ಲವೋ ಹೇಳಲಿಲ್ಲ.

‘ತಕರಾರು’ ಎಂಬುದೂ ಮೂಲದಲ್ಲಿ ‘ಮತ್ತೆ ಮತ್ತೆ ಹೇಳುವುದು’ ಎಂದೇ. ಆ ಲೆಕ್ಕದಲ್ಲಿ ಗಾಳಿಸುದ್ದಿಯೂ ತಕರಾರೇ! ಇದು ಸುಮ್ನೆ ತಮಾಷೆಗೆ.

ಇನ್ನೊಂದು ಸಣ್ಣ ಕಿರಿಕಿರಿ. ಕಾಯ್ದೆ ಇಂಥ ಸುಳ್ಳನ್ನು ಲಂಚದ ಜೊತೆಗೇ ಒಂದೇ ಪಟ್ಟಿಯಲ್ಲಿ ಸೇರಿಸಿದೆ. ಅದಕ್ಕೆ ಕನ್ನಡದಲ್ಲಿ ‘ಭ್ರಷ್ಟ ಆಚರಣೆ’ ಎಂದು ಬರೆಯುವ ರೂಢಿ ಇದೆ. ಓದಿದ ಕಕ್ಷಿದಾರ ‘ಅವಾ ರೊಕ್ಕ ಹಂಚಿಲ್ರಿ, ಸುಳ್ಳು ಹೇಳ್ಯಾನ’ ಎಂದು ಅರ್ಜಿಯನ್ನೇ ತಿದ್ದಲು ಹೊರಟಿದ್ದ. ‘ಚುನಾವಣಾ ಅಕ್ರಮ’ ಅಂದರೆ ಸಾಕಾ, ಇಲ್ಲ ಅದು ತುಂಬ ಸಡಿಲವಾಯಿತಾ?

ಬೀದರ್, ಯಾದಗಿರಿ ಕಡೆಯವರು ದಯವಿಟ್ಟು ತಿಳಿಸಿ: ನಿಮ್ಮಲ್ಲಿ ‘ಸರದಾನ ಅಂತ’ ಎಂದು ಬಿಡಿಸಿ ಹೇಳಿದರೆ ಬೇರೆ ಅರ್ಥ, ‘ಸರದಾನಂತ’ ಎಂದು ಕೂಡಿಸಿದರೆ ಬೇರೆ ಅರ್ಥ ಬರುತ್ತದೆಯೇ? ಫಲಿತಾಂಶದಿಂದ 45 ದಿನದೊಳಗೆ ಅರ್ಜಿ ಹಾಕಬೇಕು, ಅದರಲ್ಲಿ ಈಗಾಗಲೇ ಬಹಳ ದಿನ ಕಳೆದಿವೆ. ಸ್ವಲ್ಪ ಬೇಗ ಬರೆದರೆ ಉಪಕಾರ.